48×48ರಲ್ಲಿ ನಮ್ಮೂರಿನ ಮುಖಗಳು: ಆರ್‌ಪಿಜಿ ಪೋರ್ಟ್ರೇಟ್‌ಗೆ ಸಲಹೆ ಬೇಕು

ಹಾಳೆಟೊಪ್ಪಿ | ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಆರ್‌ಪಿಜಿ ಮೇಕರ್ ಎಂವಿ ಅನ್ನುವ ಗೇಮ್ ತಯಾರಿಸುವ ತಂತ್ರಾಂಶದಲ್ಲಿ ಒಂದು ಸಣ್ಣ ಗೇಮ್ ಮಾಡುತ್ತಿದ್ದೇನೆ. ಕಥೆ ನಡೆಯುವುದು ನಮ್ಮ ಕಡೆಯದ್ದೇ ಒಂದು ಊರಿನಲ್ಲಿ, ಹೆಸರು ಮಾತ್ರ ಕಲ್ಪನೆಯದ್ದು. ಕುಂಬಳೆಯಲ್ಲಿ ಬಸ್ಸಿಳಿದು ಒಳಗೆ ಹೋದರೆ ಸಿಗುವಂಥ ಊರು ಅಂದುಕೊಳ್ಳಿ.

ಮಾತುಕತೆಯ ಪೆಟ್ಟಿಗೆಯಲ್ಲಿ ಎಡಗಡೆ ಮುಖ ಬರಬೇಕು. ಎಂಜಿನ್ ಜೊತೆ ಬರುವ ಮುಖಗಳನ್ನು ಹಾಕಿ ನೋಡಿದೆ. ಅಡಿಕೆ ಕೊಯ್ಯುವ ಅಜ್ಜ ಯಾವುದೋ ದೇಶದ ರಾಜಕುಮಾರನ ಹಾಗೆ ಕಾಣುತ್ತಾರೆ. ಅದು ಬೇಡ ಅಂತ ನಾನೇ ಬಿಡಿಸಲು ಕೂತಿದ್ದೇನೆ. ಸದ್ಯಕ್ಕೆ ಬೇಕಾದವರು ನಾಲ್ಕು ಜನ: ಅಡಿಕೆ ಹಾಳೆ ಟೊಪ್ಪಿಯ ಅಜ್ಜ, ಬೀಡಿ ಕಟ್ಟುವ ಅಕ್ಕ, ಬಸ್ ಕಂಡಕ್ಟರ್, ಮತ್ತೆ ಯಕ್ಷಗಾನದ ಒಂದು ಬಣ್ಣದ ವೇಷ. ಈ ರಾಕ್ಷಸ ವೇಷವೇ ಕೊನೆಯ ಬಾಸ್, ಅಂದರೆ ಗೇಮ್‌ನ ಕೊನೆಗೆ ಸೋಲಿಸಬೇಕಾದವನು.

[ಚಿತ್ರ: ಅಜ್ಜ, 144×144]
[ಚಿತ್ರ: ಬಣ್ಣದ ವೇಷ, ಅರ್ಧ ಆದದ್ದು]

ಅಜ್ಜನ ಮುಖ ಉಬ್ಬಿಕೊಂಡ ಹಾಗೆ ಕಾಣುತ್ತಿದೆ. ಎಲ್ಲಿ ಸರಿ ಮಾಡಬೇಕು ಹೇಳಿ. ಮುಲಾಜು ಬೇಡ.

ಹದಿನಾರುಬಣ್ಣ | ಉಪ್ಪಳ

ಮೊದಲು ಸೈಜ್ ವಿಷಯ. ಎಂವಿಯಲ್ಲಿ ಮುಖದ ಅಳತೆ 144×144 ಪಿಕ್ಸೆಲ್. ಆದರೂ ನೇರವಾಗಿ 144ರಲ್ಲಿ ಬಿಡಿಸಬೇಡಿ. 48×48ರಲ್ಲಿ ಬಿಡಿಸಿ, ಕೊನೆಗೆ ಮೂರು ಪಟ್ಟು ದೊಡ್ಡದು ಮಾಡಿ. 48 ಮೂರ್ಲಿ 144, ಲೆಕ್ಕ ಸರಿಯಾಗಿ ಕೂರುತ್ತದೆ.

ಯಾಕೆ ಅಂದರೆ, ನಿಮ್ಮ ನಕ್ಷೆಯಲ್ಲಿ ಓಡಾಡುವ ಪಾತ್ರಗಳು 16×16ರಲ್ಲಿ ಬಿಡಿಸಿ ಮೂರು ಪಟ್ಟು ಮಾಡಿದವು, ಅಲ್ವಾ? ಎಂವಿಯ ಟೈಲ್ (ನಕ್ಷೆಯ ಒಂದು ಚೌಕ) 48×48. ಅಂದರೆ ನಕ್ಷೆಯಲ್ಲಿ ಒಂದು ಚುಕ್ಕಿ ಪರದೆಯ ಮೂರು ಪಿಕ್ಸೆಲ್ ಅಗಲ ಇರುತ್ತದೆ. ಮುಖದಲ್ಲಿ ಮಾತ್ರ ಒಂದು ಚುಕ್ಕಿ ಒಂದೇ ಪಿಕ್ಸೆಲ್. ಎರಡೂ ಒಟ್ಟಿಗೆ ಪರದೆಗೆ ಬಂದಾಗ ಬೇರೆ ಬೇರೆ ಗೇಮ್‌ನಿಂದ ಕದ್ದು ತಂದ ಹಾಗೆ ಕಾಣುತ್ತದೆ. ನೋಡುವವರಿಗೆ ಕಾರಣ ಗೊತ್ತಾಗುವುದಿಲ್ಲ, ಆದರೆ ಏನೋ ಸರಿಯಿಲ್ಲ ಅನಿಸುತ್ತದೆ.

48ಕ್ಕೆ ಇನ್ನೊಂದು ಲಾಭ ಉಂಟು. ನಾಳೆ ಇದೇ ತಂತ್ರಾಂಶದ ಹಳೆಯ ಆವೃತ್ತಿ ವಿಎಕ್ಸ್ ಏಸ್‌ಗೆ ಹೋದರೆ ಅಲ್ಲಿ ಮುಖ 96×96, ಎರಡು ಪಟ್ಟು ಮಾಡಿದರೆ ಆಯಿತು. ಇನ್ನೂ ಹಳೆಯ ‘2003’ ಆವೃತ್ತಿಯಲ್ಲಿ ಮುಖದ ಅಳತೆಯೇ 48×48. ಒಂದೇ ಮೂಲ ಚಿತ್ರ ಮೂರೂ ಕಡೆ ನಡೆಯುತ್ತದೆ.

ದೊಡ್ಡದು ಮಾಡುವಾಗ ‘ನಿಯರೆಸ್ಟ್ ನೇಬರ್’ ಆಯ್ಕೆಯನ್ನೇ ಹಾಕಿ. ಬೇರೆ ಯಾವುದು ಹಾಕಿದರೂ ಅಂಚು ಮಸುಕಾಗುತ್ತದೆ. ಪಿಎನ್‌ಜಿಯಲ್ಲೇ ಉಳಿಸಿ, ಜೆಪೆಗ್ ಬೇಡ. ಇಲ್ಲಿ ಯಾರಿಗಾದರೂ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಆಗಿ ಹೋದರೆ ಅದು ಒತ್ತಿ ಕುಗ್ಗಿಸಿ, ನೀವು ಹಾಕಿದ ಹದಿನಾರು ಬಣ್ಣ ನೂರಾರು ಬಣ್ಣ ಆಗಿ ತಲುಪುತ್ತದೆ.

ಇನ್ನು ಉಬ್ಬಿದ ವಿಷಯ. ನೀವು ಮುಖದ ಅಂಚಿನ ಸುತ್ತಲೂ ಗಾಢ ಬಣ್ಣ ಹಾಕಿ, ಒಳಗೆ ಬಂದ ಹಾಗೆ ತಿಳಿ ಮಾಡುತ್ತಾ ಹೋಗಿದ್ದೀರಿ. ಇದಕ್ಕೆ ‘ಪಿಲ್ಲೋ ಶೇಡಿಂಗ್’ ಅನ್ನುತ್ತಾರೆ. ಬೆಳಕು ಯಾವ ಕಡೆಯಿಂದ ಬರುತ್ತದೆ ಅಂತ ಮೊದಲು ತೀರ್ಮಾನ ಮಾಡಿ. ಎಡಗಡೆ ಮೇಲಿನಿಂದ ಅಂತ ಇಟ್ಟುಕೊಳ್ಳಿ. ಆಗ ಹಣೆಯ ಎಡಭಾಗ, ಎಡ ಕೆನ್ನೆಯ ಎಲುಬು, ಮೂಗಿನ ಎಡ ಬದಿ ಇಷ್ಟಕ್ಕೆ ಬೆಳಕು. ಬಲ ಕೆನ್ನೆ, ಗಲ್ಲದ ಕೆಳಗೆ, ಟೊಪ್ಪಿಯ ಅಂಚಿನ ಕೆಳಗೆ ನೆರಳು. ನೆರಳಿನ ತುಂಡುಗಳು ದೊಡ್ಡದಾಗಿರಲಿ. ಒಂಟಿ ಚುಕ್ಕಿಗಳು ಅಲ್ಲಲ್ಲಿ ಬಿದ್ದಿದ್ದರೆ ಅಳಿಸಿ ಹಾಕಿ.

ಗಡಿನಾಡ ಗೇಮರ್ | ಮಂಜೇಶ್ವರ

48 ತುಂಬ ಸಣ್ಣದಲ್ವಾ ಅಣ್ಣ? ಸ್ಟಾರ್‌ಡ್ಯೂ ವ್ಯಾಲಿ ಗೇಮ್‌ನಲ್ಲಿ ಮುಖ 64×64. ಅಲ್ಲಿ ಎಷ್ಟು ಚಂದ ಉಂಟು.

ಇನ್ನೊಂದು, ಫೋಟೋ ತೆಗೆದು ಕುಗ್ಗಿಸಿದರೆ ಕೆಲಸ ಬೇಗ ಮುಗಿಯುವುದಿಲ್ವಾ? ಅಥವಾ ಎಐ ಹತ್ತಿರ ಮಾಡಿಸಿದರೆ?

ಹದಿನಾರುಬಣ್ಣ | ಉಪ್ಪಳ

64 ಒಳ್ಳೆಯ ಅಳತೆಯೇ. ಆದರೆ 64ನ್ನು ಎಂವಿಯ 144ಕ್ಕೆ ಪೂರ್ಣ ಸಂಖ್ಯೆಯಲ್ಲಿ ಹಿಗ್ಗಿಸಲಾಗದು. ಎರಡೂಕಾಲು ಪಟ್ಟು ಆಗುತ್ತದೆ. ಆಗ ಕೆಲವು ಚುಕ್ಕಿ ಎರಡು ಪಿಕ್ಸೆಲ್, ಕೆಲವು ಮೂರು. ಕಣ್ಣು ಒಂದು ದೊಡ್ಡದು ಒಂದು ಸಣ್ಣದು ಆಗಿ ಕೂರುತ್ತದೆ. ಎರಡು ಪಟ್ಟು ಮಾಡಿ ಸುತ್ತ ಖಾಲಿ ಬಿಡಬಹುದು, ಆದರೆ ಆಗ ಚುಕ್ಕಿಯ ಅಳತೆ ನಕ್ಷೆಯ ಜೊತೆ ಸೇರುವುದಿಲ್ಲ.

ಫೋಟೋ ಕುಗ್ಗಿಸಿದರೆ ಮುಖ ಮಣ್ಣಾಗುತ್ತದೆ. 48ರಲ್ಲಿ ಕಣ್ಣಿಗೆ ಸಿಗುವುದು ಐದಾರು ಚುಕ್ಕಿ ಅಗಲ, ಮೂರು ಚುಕ್ಕಿ ಎತ್ತರ. ಆ ಹದಿನೈದು ಚುಕ್ಕಿಯಲ್ಲಿ ಯಾವುದು ರೆಪ್ಪೆ, ಯಾವುದು ಪಾಪೆ ಅಂತ ಕಂಪ್ಯೂಟರ್ ಆಯ್ದು ಕೊಡುವುದಿಲ್ಲ, ಸರಾಸರಿ ತೆಗೆದು ಕಂದು ಬಣ್ಣ ಬಳಿಯುತ್ತದೆ. ಫೋಟೋವನ್ನು ಪಕ್ಕದಲ್ಲಿ ಇಟ್ಟು ನೋಡಿಕೊಂಡು ಬಿಡಿಸಿ, ಅದಕ್ಕೆ ಅಡ್ಡಿ ಇಲ್ಲ. ಎಐ ಚಿತ್ರಗಳಲ್ಲಿ ಚುಕ್ಕಿಗಳು ಒಂದೇ ಚೌಕಳಿಗೆ ಸರಿಯಾಗಿ ಕೂತಿರುವುದು ಅಪರೂಪ, ಬಣ್ಣವೂ ರಾಶಿ. ಅದನ್ನು ತೊಳೆದು ಸರಿಮಾಡುವ ಹೊತ್ತಿಗೆ ಹೊಸದೇ ಬಿಡಿಸಬಹುದು. ಮತ್ತೆ ಹಾಳೆ ಟೊಪ್ಪಿ ಕೇಳಿದರೆ ಅದು ಎಂತ ಕೊಡುತ್ತದೋ ನೀವೇ ಕೇಳಿ ನೋಡಿ. ನಗಲಿಕ್ಕಾದರೂ ಆಯಿತು.

ಡ್ರಾಯಿಂಗ್ ಮಾಷ್ಟ್ರು | ನೀರ್ಚಾಲು

ಕಂಪ್ಯೂಟರ್ ನನಗೆ ಅಷ್ಟಕ್ಕಷ್ಟೆ. ಮುಖದ ಬಗ್ಗೆ ಹೇಳುತ್ತೇನೆ, ಚುಕ್ಕಿಯ ಲೆಕ್ಕ ನೀವು ಮಾಡಿಕೊಳ್ಳಿ.

ಅಜ್ಜನ ಕಣ್ಣು ತುಂಬ ಮೇಲೆ ಹೋಗಿದೆ. ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣು ಬರುವುದು ಸರಿಯಾಗಿ ಅರ್ಧದಲ್ಲಿ. ಟೊಪ್ಪಿ ಇದ್ದರೂ ತಲೆಬುರುಡೆ ಒಳಗೆ ಇದ್ದೇ ಇರುತ್ತದೆ. ಮೊದಲು ಬೋಳು ತಲೆ ಬಿಡಿಸಿ, ಆಮೇಲೆ ಟೊಪ್ಪಿ ತೊಡಿಸಿ. ನೀವು ಹುಬ್ಬಿನ ಮೇಲೆ ನೇರ ಟೊಪ್ಪಿ ಅಂಟಿಸಿದ್ದೀರಿ, ಅದಕ್ಕೇ ತಲೆ ಚಪ್ಪಟೆ ಆಗಿದೆ.

ಎರಡು ಕಣ್ಣುಗಳ ನಡುವೆ ಒಂದು ಕಣ್ಣಿನ ಅಗಲ ಜಾಗ ಬಿಡಿ. ಮುಖ ಸ್ವಲ್ಪ ತಿರುಗಿದ್ದರೆ ಆಚೆ ಕಣ್ಣು ಒಂದು ಚುಕ್ಕಿ ಕಿರಿದಾಗಲಿ.

ಮೇಲಿನ ರೆಪ್ಪೆಗೆ ಗಾಢ ಗೆರೆ ಸಾಕು. ಕೆಳಗಿನ ರೆಪ್ಪೆಗೆ ಗೆರೆ ಹಾಕಿದರೆ ಕಾಡಿಗೆ ಹಚ್ಚಿದ ಹಾಗೆ ಕಾಣುತ್ತದೆ. ಅದನ್ನು ಬೀಡಿ ಅಕ್ಕನಿಗೆ ಬೇಕಾದರೆ ಇಟ್ಟುಕೊಳ್ಳಿ. ಕಣ್ಣಿನ ಬಿಳಿ ಭಾಗಕ್ಕೆ ಅಪ್ಪಟ ಬಿಳಿ ಹಾಕಬೇಡಿ, ಅಜ್ಜ ಹೆದರಿದ ಹಾಗೆ ಕಾಣುತ್ತಾರೆ. ಸ್ವಲ್ಪ ಬೂದು ಇರಲಿ. ಅಪ್ಪಟ ಬಿಳಿ ಪಾಪೆಯ ಮೇಲೆ ಒಂದೇ ಒಂದು ಚುಕ್ಕಿ.

ಮೂಗಿಗೆ ಗೆರೆ ಎಳೆಯಬೇಡಿ. ಮೂಗಿನ ಕೆಳಗಿನ ನೆರಳು ಎರಡು ಮೂರು ಚುಕ್ಕಿ ಹಾಕಿದರೆ ಮೂಗು ತಾನಾಗಿ ಬರುತ್ತದೆ. ಬಾಯಿ ಅಂದರೆ ತುಟಿ ಸೇರುವ ಜಾಗದ ಒಂದು ಗೆರೆ, ಮತ್ತೆ ಕೆಳತುಟಿಯ ಅಡಿಯಲ್ಲಿ ಸಣ್ಣ ನೆರಳು. ಅಜ್ಜ ಎಲೆ ಅಡಿಕೆ ಹಾಕುವವರಾದರೆ ಆ ಗೆರೆ ಕೆಂಪು ಕಂದು ಆಗಲಿ. ಒಂದು ಬಣ್ಣದಲ್ಲಿ ಒಂದು ಗುಣ ಬಂತು.

ಸುಕ್ಕು ಜಾಸ್ತಿ ಆಗಿದೆ. ವಯಸ್ಸು ತೋರಿಸುವುದು ಗೆರೆಗಳಿಂದ ಅಲ್ಲ, ಕೆನ್ನೆ ಒಳಗೆ ಹೋಗಿರುವುದರಿಂದ. ಕೆನ್ನೆಯ ಎಲುಬಿನ ಕೆಳಗೆ ಒಂದು ದೊಡ್ಡ ನೆರಳಿನ ತುಂಡು ಹಾಕಿ, ಮೂಗಿನಿಂದ ಬಾಯಿಯ ಮೂಲೆಗೆ ಇಳಿಯುವ ಒಂದು ಗೆರೆ ಇಡಿ. ಹಣೆಯ ಗೆರೆಗಳನ್ನೆಲ್ಲ ಒರೆಸಿ ಬಿಡಿ, ಹೇಗೂ ಅಲ್ಲಿ ಟೊಪ್ಪಿಯ ನೆರಳು ಬೀಳುತ್ತದೆ.

ಹಾಳೆಟೊಪ್ಪಿ | ಬದಿಯಡ್ಕ

ಮಾಷ್ಟ್ರೆ, ಧನ್ಯವಾದ. ಬೋಳು ತಲೆಯ ಮಾತು ಹಿಡಿದೇ ಹೊಸದಾಗಿ ಶುರು ಮಾಡಿದೆ. ಪಿಕ್ಸೆಲ್ ಚಿತ್ರ ಬಿಡಿಸುವ ತಂತ್ರಾಂಶ ಏಸ್‌ಪ್ರೈಟ್‌ನಲ್ಲಿ ತಲೆ ಒಂದು ಲೇಯರ್, ಟೊಪ್ಪಿ ಇನ್ನೊಂದು ಲೇಯರ್.

[ಚಿತ್ರ: ಅಜ್ಜ, 48×48, ಬಣ್ಣ ಪೂರ್ತಿ ಆಗಿಲ್ಲ]

ಈಗ ಚರ್ಮದ ಬಣ್ಣದಲ್ಲಿ ಸಿಕ್ಕಿಬಿದ್ದಿದ್ದೇನೆ. ನೆಟ್‌ನಲ್ಲಿ ಸಿಗುವ ಪಾಠಗಳಲ್ಲಿ ಎಲ್ಲ ಗುಲಾಬಿ ಮುಖ. ಅದನ್ನೇ ಕಪ್ಪು ಸೇರಿಸಿ ಗಾಢ ಮಾಡಿದರೆ ಅಜ್ಜನಿಗೆ ಮೈ ಹುಷಾರಿಲ್ಲದ ಹಾಗೆ ಬೂದು ಬಣ್ಣ ಬರುತ್ತದೆ.

ಹದಿನಾರುಬಣ್ಣ | ಉಪ್ಪಳ

ಕಪ್ಪು ಸೇರಿಸಿದರೆ ಹಾಗೇ ಆಗುವುದು. ಬಣ್ಣ ಗಾಢ ಆಗುತ್ತಾ ಹೋದ ಹಾಗೆ ಅದು ಕೆಂಪು, ನೇರಳೆ ಕಡೆಗೆ ಸರಿಯಬೇಕು. ತಿಳಿಯಾಗುತ್ತಾ ಹೋದ ಹಾಗೆ ಹಳದಿ ಕಡೆಗೆ. ಇದಕ್ಕೆ ‘ಹ್ಯೂ ಶಿಫ್ಟ್’ ಅಂತ ಹೆಸರು.

ನೀವು ಏಸ್‌ಪ್ರೈಟ್ ತೆರೆದರೆ ಮೊದಲಿಗೆ ಬರುವ ಪ್ಯಾಲೆಟ್ (ಬಣ್ಣಗಳ ಪಟ್ಟಿ) ಡಿಬಿ32. ಡಾನ್‌ಬ್ರಿಂಗರ್ ಅನ್ನುವವರು ಮಾಡಿದ 32 ಬಣ್ಣ. ಅದರಲ್ಲೇ ನಮ್ಮ ಕಡೆಯ ಚರ್ಮಕ್ಕೆ ಬೇಕಾದ ಸಾಲು ಉಂಟು. ಗಾಢದಿಂದ ತಿಳಿಗೆ, ಕೆಂಪು-ಹಸಿರು-ನೀಲಿ ಅಂಕಿಗಳಲ್ಲಿ ಹೇಳುತ್ತೇನೆ:

69, 40, 60
102, 57, 49
143, 86, 59
217, 160, 102
238, 195, 154

ಮೊದಲನೆಯದು ಹೆಚ್ಚುಕಡಿಮೆ ನೇರಳೆ, ಕೊನೆಯದು ಹಳದಿ ಮಿಶ್ರ. ಹ್ಯೂ ಶಿಫ್ಟ್ ಅವರೇ ಮಾಡಿಟ್ಟಿದ್ದಾರೆ. ಪಾಠಗಳಲ್ಲಿ ಕೊನೆಯ ಎರಡನ್ನು ಮುಖದ ಮೂಲ ಬಣ್ಣ ಮಾಡುತ್ತಾರೆ. ನೀವು ಮೂರನೆಯದನ್ನು ಮೂಲ ಮಾಡಿ. ಅಜ್ಜ ದಿನವಿಡೀ ಬಿಸಿಲಲ್ಲಿ ಇರುವವರು. ನಾಲ್ಕನೆಯದು ಬೆಳಕು ಬೀಳುವ ಜಾಗಕ್ಕೆ, ಎರಡನೆಯದು ನೆರಳಿಗೆ, ಒಂದನೆಯದು ರೆಪ್ಪೆಗೆ ಮತ್ತು ಹೊರಗೆರೆಗೆ. ಐದನೆಯದನ್ನು ಮೂಗಿನ ತುದಿಗೆ ಒಂದು ಚುಕ್ಕಿ ಇಟ್ಟರೆ ಇಡಿ, ಇಲ್ಲದಿದ್ದರೆ ಬೇಡ.

ಒಂದೇ ತಕರಾರು. ಮೂರರಿಂದ ನಾಲ್ಕಕ್ಕೆ ದೊಡ್ಡ ಹಾರಿಕೆ. ನಡುವೆ 180, 120, 78ರ ಹತ್ತಿರ ಒಂದು ನಿಮ್ಮದೇ ಬಣ್ಣ ಸೇರಿಸಿ. ಬೀಡಿ ಅಕ್ಕನಿಗೆ ಅದನ್ನೇ ಮೂಲ ಬಣ್ಣ ಮಾಡಬಹುದು, ಅವರು ನೆರಳಲ್ಲಿ ಕೂತು ಕೆಲಸ ಮಾಡುವವರು. ಒಂದೇ ಸಾಲಿನ ಬಣ್ಣ, ಒಂದು ಮೆಟ್ಟಿಲು ಮೇಲೆ ಕೆಳಗೆ. ಇಡೀ ಗೇಮ್‌ನ ಮುಖಗಳು ಒಂದೇ ಊರಿನವು ಅನಿಸುವುದು ಹೀಗೆ.

ಇಂಡೆಕ್ಸ್ಡ್ ಮೋಡ್‌ನಲ್ಲಿ ಕೆಲಸ ಮಾಡಿ. ಆಗ ಪ್ಯಾಲೆಟ್‌ನಲ್ಲಿ ಒಂದು ಬಣ್ಣ ತಿದ್ದಿದರೆ ಚಿತ್ರದಲ್ಲಿ ಆ ಬಣ್ಣದ ಚುಕ್ಕಿಗಳೆಲ್ಲ ಒಟ್ಟಿಗೆ ಬದಲಾಗುತ್ತವೆ. ಹಿಂದೆ ಇದು ಅನಿವಾರ್ಯ ಇತ್ತು. 2001ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್ ಅಡ್ವಾನ್ಸ್‌ನ ಪರದೆಯೇ 240×160. ಅದರ 16 ಬಣ್ಣದ ಪ್ಯಾಲೆಟ್‌ನಲ್ಲಿ ಒಂದು ಪಾರದರ್ಶಕಕ್ಕೆ ಹೋಗುತ್ತಿತ್ತು, ಉಳಿದ 15ರಲ್ಲಿ ಕೂದಲು, ಚರ್ಮ, ಬಟ್ಟೆ ಎಲ್ಲ ಮುಗಿಸಬೇಕು. ಹಾಗಾಗಿ ಕೂದಲಿನ ನೆರಳನ್ನೇ ಬಟ್ಟೆಯ ನೆರಳಿಗೂ ಬಳಸುತ್ತಿದ್ದರು. ಈಗ ಆ ಬಂಧನ ಇಲ್ಲ, ಆದರೂ ನಾನು 16 ದಾಟುವುದಿಲ್ಲ. ನನ್ನ ಹೆಸರೇ ಹೇಳುತ್ತದೆ.

ಅಜ್ಜನ ಬಿಳಿ ಕೂದಲಿಗೂ ಅಪ್ಪಟ ಬಿಳಿ ಬೇಡ. ತಿಳಿ ನೀಲಿ ಬೂದು ಹಾಕಿ, ನೆರಳಿಗೆ ಆ 69, 40, 60ಕ್ಕೆ ಹತ್ತಿರದ ನೇರಳೆ ಬೂದು.

ತೋಟದಮನೆ | ಪೆರ್ಲ

ನನ್ನ ಹತ್ತಿರ ಕಂಪ್ಯೂಟರ್ ಇಲ್ಲ, ಮೊಬೈಲ್ ಮಾತ್ರ. ಏಸ್‌ಪ್ರೈಟ್‌ಗೆ ದುಡ್ಡು ಕೊಡಬೇಕಲ್ವಾ? ಬೇರೆ ಉಂಟಾ?

ಹದಿನಾರುಬಣ್ಣ | ಉಪ್ಪಳ

ಮೊಬೈಲ್‌ನಲ್ಲಿ ಪಿಕ್ಸೆಲ್ ಸ್ಟುಡಿಯೋ ಸಾಕು. ಕಂಪ್ಯೂಟರ್ ಸಿಕ್ಕಿದರೆ ಪಿಕ್ಸೆಲೊರಾಮಾ, ಲಿಬ್ರೆಸ್ಪ್ರೈಟ್ ಎರಡೂ ಉಚಿತ. ಲಿಬ್ರೆಸ್ಪ್ರೈಟ್ ಅಂದರೆ ಏಸ್‌ಪ್ರೈಟ್ ಮುಕ್ತ ತಂತ್ರಾಂಶ ಆಗಿದ್ದ ಕಾಲದ ಕೋಡಿನಿಂದ ಕವಲೊಡೆದದ್ದು. ಬ್ರೌಸರ್‌ನಲ್ಲೇ ಮಾಡುವುದಾದರೆ ಪಿಸ್ಕೆಲ್. 48×48ಕ್ಕೆ ಇದರಲ್ಲಿ ಯಾವುದೂ ಕಡಿಮೆ ಬೀಳುವುದಿಲ್ಲ. ಬೆರಳು ದಪ್ಪ ಅನಿಸಿದರೆ ಝೂಮ್ ಮಾಡಿ, ಆದರೆ ಪದೇ ಪದೇ ಹಿಂದೆ ಬಂದು ಅಸಲಿ ಅಳತೆಯಲ್ಲಿ ನೋಡಿ.

ಹಾಳೆಟೊಪ್ಪಿ | ಬದಿಯಡ್ಕ

[ಚಿತ್ರ: ಅಜ್ಜ, 48×48, ಡಿಬಿ32 ಬಣ್ಣಗಳಲ್ಲಿ]
[ಚಿತ್ರ: ಬೀಡಿ ಅಕ್ಕ, 48×48]
[ಚಿತ್ರ: ಕಂಡಕ್ಟರ್, 48×48]

ಅಜ್ಜ ಈಗ ಅಜ್ಜನಾದರು! ಬೀಡಿ ಅಕ್ಕನ ಸಮಸ್ಯೆ ಬೇರೆ. ಮುಖ ನೋಡಿದರೆ ಬೀಡಿ ಕಟ್ಟುವವರು ಅಂತ ಗೊತ್ತಾಗುವುದಿಲ್ಲ. ಗೆರಸೆ, ಎಲೆ, ಕತ್ತರಿ ಯಾವುದೂ ಈ ಚೌಕದಲ್ಲಿ ಹಿಡಿಯುವುದಿಲ್ಲ.

ಸುರುಳಿಬೀಡಿ | ಮುಳ್ಳೇರಿಯ

ನನ್ನ ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದ್ದು. ಹಾಗಾಗಿ ಮಾತಾಡುವ ಹಕ್ಕು ಉಂಟು ಅಂದುಕೊಳ್ಳುತ್ತೇನೆ.

ಬೀಡಿ ಕಟ್ಟುವವರು ಮಾತಾಡುವಾಗ ತಲೆ ಎತ್ತುವುದಿಲ್ಲ. ಕಣ್ಣು ಗೆರಸೆಯ ಮೇಲೆ, ಬಾಯಿ ಮಾತ್ರ ನಿಮ್ಮ ಜೊತೆ. ಊರಿನ ಎಲ್ಲ ಸುದ್ದಿ ಹೇಳುತ್ತಾರೆ, ಆದರೆ ನಿಮ್ಮ ಮುಖ ನೋಡುವುದಿಲ್ಲ. ನೀವು ಅಕ್ಕನನ್ನು ನೇರ ಎದುರು ನೋಡುವ ಹಾಗೆ ಬಿಡಿಸಿದ್ದೀರಿ. ಅದಕ್ಕೇ ಪಾಸ್‌ಪೋರ್ಟ್ ಫೋಟೋ ತರ ಆಗಿದೆ. ಮಾಮೂಲಿ ಮುಖದಲ್ಲಿ ರೆಪ್ಪೆ ಕೆಳಗಿರಲಿ, ತಲೆ ಸ್ವಲ್ಪ ಬಾಗಲಿ. ಯಾರೋ ಸತ್ತ ಸುದ್ದಿಯೋ, ಮದುವೆ ಮುರಿದ ಸುದ್ದಿಯೋ ಬಂದಾಗ ಮಾತ್ರ ಕಣ್ಣು ಮೇಲೆ ಬರಲಿ. ಆಟಗಾರನಿಗೆ ಆಗ ಗೊತ್ತಾಗುತ್ತದೆ ಇದು ದೊಡ್ಡ ಸುದ್ದಿ ಅಂತ.

ಮತ್ತೆ ಸೀರೆ ಯಾಕೆ? ಈಗ ಮನೆಯಲ್ಲಿ ಯಾರು ಸೀರೆ ಉಟ್ಟು ಬೀಡಿ ಕಟ್ಟುತ್ತಾರೆ ಮಾರಾಯ್ರೆ? ನೈಟಿ ಹಾಕಿ, ಹೆಗಲಿಗೆ ಒಂದು ಬೈರಾಸು (ಟವೆಲ್).

ಡ್ರಾಯಿಂಗ್ ಮಾಷ್ಟ್ರು | ನೀರ್ಚಾಲು

ಸುರುಳಿಬೀಡಿ ಹೇಳಿದ್ದು ಬಂಗಾರದ ಮಾತು. ತಗ್ಗಿದ ಕಣ್ಣು ಬಿಡಿಸುವುದೂ ಸುಲಭ. ಬಿಳಿ, ಪಾಪೆ ಎಂತದೂ ಬೇಡ. ಕೆಳಕ್ಕೆ ಬಾಗಿದ ಒಂದು ಗಾಢ ಗೆರೆ, ಅದರ ಮೇಲೆ ರೆಪ್ಪೆಯ ತುಂಡಿಗೆ ಚರ್ಮದ ತಿಳಿ ಬಣ್ಣ. ತಲೆ ಬಾಗಿದರೆ ನೆತ್ತಿ ಜಾಸ್ತಿ ಕಾಣುತ್ತದೆ, ಬೈತಲೆ ಉದ್ದ ಆಗುತ್ತದೆ, ಗಲ್ಲ ಮೋಟಾಗುತ್ತದೆ. ಕಣ್ಣಿನ ಗೆರೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ.

ಕಂಡಕ್ಟರ್ ಚೆನ್ನಾಗಿದ್ದಾನೆ. ಕಾಕಿ ಕಾಲರ್, ಕಿವಿಯ ಮೇಲೆ ಪೆನ್ನು, ಸಾಕು. ಗಡ್ಡ ಮಾತ್ರ ಯಾಕೋ ತುರಿಕೆ ಎದ್ದ ಹಾಗೆ ಕಾಣುತ್ತದೆ.

ಹದಿನಾರುಬಣ್ಣ | ಉಪ್ಪಳ

ಗಡ್ಡಕ್ಕೆ ಡಿದರಿಂಗ್ ಹಾಕಿದ್ದಾರೆ, ಒಂದು ಬಿಟ್ಟು ಒಂದು ಚುಕ್ಕಿ. 48ರಲ್ಲಿ ಡಿದರಿಂಗ್ ಮುಖದ ಮೇಲೆ ಬಂದರೆ ಚರ್ಮರೋಗ. ದಾಡಿ ಮಾಡಿ ಎರಡು ದಿನ ಆದ ಕಂಡಕ್ಟರ್ ಬೇಕಾದರೆ ದವಡೆಯ ತುಂಡಿಗೆ ಇಡಿಯಾಗಿ ಒಂದು ಹಸಿರು ಬೂದು ಮಿಶ್ರಿತ ಕಂದು ಬಣ್ಣ ತುಂಬಿಸಿ. ಚುಕ್ಕಿ ಬೇಡ.

ದವಡೆಯ ಗೆರೆಯೂ ಮೆಟ್ಟಿಲು ಮೆಟ್ಟಿಲಾಗಿದೆ. ಬಾಗಿದ ಗೆರೆಯಲ್ಲಿ ತುಂಡುಗಳ ಉದ್ದ ಕ್ರಮವಾಗಿ ಏರಿ ಇಳಿಯಬೇಕು. 1, 2, 3, 3, 2, 1 ಹೀಗೆ ಹೋದರೆ ಕಣ್ಣಿಗೆ ನಯ. ನಿಮ್ಮದು 1, 3, 1, 2, 4 ಅಂತ ಹೋಗಿದೆ. ಅಂಚನ್ನು ಮೆದು ಮಾಡುವ ಚುಕ್ಕಿಗಳನ್ನು ಒಳಗಡೆ ಮಾತ್ರ ಇಡಿ. ಹೊರಗಡೆ ಇಟ್ಟರೆ ಬಿಳಿ ಹಿನ್ನೆಲೆಗೆ ಚಂದ, ಎಂವಿಯ ಕಪ್ಪು ಪೆಟ್ಟಿಗೆಯಲ್ಲಿ ತಲೆಯ ಸುತ್ತ ಬಿಳಿ ಧೂಳು.

ಚೌಕಿಮನೆ | ಕುಂಬಳೆ

ತಡವಾಗಿ ಬಂದೆ. ಬಣ್ಣದ ವೇಷದ ಚಿತ್ರ ಈಗ ನೋಡಿದೆ. ಹಾಳೆಟೊಪ್ಪಿಯವರೆ, ನೀವು ತಲೆಗೆ ಮುಂಡಾಸು ಕಟ್ಟಿದ್ದೀರಿ. ಮುಂಡಾಸು ಬಡಗಿನದ್ದು, ಉತ್ತರದ ಶೈಲಿ. ನಮ್ಮದು ತೆಂಕು, ದಕ್ಷಿಣದ ಶೈಲಿ. ಬಣ್ಣದ ವೇಷಕ್ಕೆ ದೊಡ್ಡ ಕಿರೀಟ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಲ್ಲಿ ಇದನ್ನು ತೋರಿಸಿದರೆ ಬೈಗುಳ ಗ್ಯಾರಂಟಿ, ಈಗಲೇ ಬದಲಿಸಿ.

ಮುಖದ ಬಗ್ಗೆ. ನಾನು ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಸಹಾಯಕ್ಕೆ ಕೂತವನು, ವೇಷಧಾರಿ ಅಲ್ಲ. ಸಂಪ್ರದಾಯದ ಬಣ್ಣ ಅಂದರೆ ಬಿಳಿಗೆ ಸಫೇದ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ. ನಾಲ್ಕೇ. ಇಲ್ಲಿ ಹದಿನಾರು ಬಣ್ಣ ಅಂತ ಹೆಮ್ಮೆ ಪಡುತ್ತಿದ್ದಾರೆ, ನಮ್ಮ ಹಿರಿಯರು ನಾಲ್ಕರಲ್ಲಿ ಮುಗಿಸಿದ್ದಾರೆ. ದೊಂದಿಯ ಬೆಳಕಿನಲ್ಲಿ, ಗದ್ದೆಯ ಆಚೆ ತುದಿಯಲ್ಲಿ ಕೂತವನಿಗೂ ಇವನು ರಾಕ್ಷಸ ಅಂತ ಗೊತ್ತಾಗಬೇಕಿತ್ತು. ಅದಕ್ಕೇ ಕಪ್ಪಿನ ಪಕ್ಕ ಬಿಳಿ, ಬಿಳಿಯ ಪಕ್ಕ ಕೆಂಪು. ನಡುವಿನ ಮೆದು ಬಣ್ಣ ಇಲ್ಲ. ನೀವು ಕೆನ್ನೆಯ ಕೆಂಪಿಗೆ ಬೆಳಕು ನೆರಳು ಅಂತ ನಾಲ್ಕು ಬಗೆಯ ಕೆಂಪು ಹಾಕಿದ್ದೀರಿ. ತೆಗೆಯಿರಿ.

ಇನ್ನು ಚುಟ್ಟಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಉಬ್ಬುಚುಕ್ಕಿ ಇಡುವುದು. ಗಂಟೆಗಟ್ಟಲೆ ಹಿಡಿಯುವ ಕೆಲಸ. ಒಂದು ಸಾಲು ಒಣಗಬೇಕು, ಆಮೇಲೆ ಇನ್ನೊಂದು. ನೀವು ಮುಖದ ತುಂಬ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕಿ ಎರಚಿದ್ದೀರಿ. ಚುಟ್ಟಿ ಯಾವತ್ತೂ ಎರಚಿದ ಹಾಗೆ ಇರುವುದಿಲ್ಲ, ಸಾಲಾಗಿ ಇರುತ್ತದೆ. ಹುಬ್ಬಿನ ಮೇಲಿಂದ ಹೊರಟು ಕೆನ್ನೆಯನ್ನು ಸುತ್ತಿಕೊಂಡು ಬರುತ್ತದೆ.

ಹದಿನಾರುಬಣ್ಣ | ಉಪ್ಪಳ

ಚೌಕಿಮನೆಯವರಿಗೆ ದೊಡ್ಡ ನಮಸ್ಕಾರ. ನಾಲ್ಕು ಬಣ್ಣದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಚುಟ್ಟಿಯ ಸಾಲಿಗೆ ಒಂದು ಉಪಾಯ. ಒಂದೊಂದೇ ಚುಕ್ಕಿ ಬಿಡಿಸಲು ಹೋಗಬೇಡಿ. ಮೊದಲು ಬಿಳಿ ಗೆರೆಯನ್ನು ನಯವಾಗಿ ಎಳೆಯಿರಿ. ಆಮೇಲೆ ಎರಡು ಚುಕ್ಕಿ ಬಿಟ್ಟು ಮೂರನೆಯದನ್ನು ಬೂದು ಮಾಡುತ್ತಾ ಹೋಗಿ, ಕಪ್ಪು ಮಾಡಬೇಡಿ. ಗೆರೆ ಗೆರೆಯಾಗಿಯೇ ಉಳಿಯುತ್ತದೆ, ಆದರೆ ಮಣಿ ಪೋಣಿಸಿದ ಹಾಗೆ ಕಾಣುತ್ತದೆ.

ಕಿರೀಟ ಮಾತ್ರ ಕಷ್ಟ. 48ರಲ್ಲಿ ಪೂರ್ತಿ ಕಿರೀಟ ಹಾಕಿದರೆ ಮುಖಕ್ಕೆ ಉಳಿಯುವುದು 20 ಚುಕ್ಕಿ. ಕಿರೀಟವನ್ನು ಚೌಕಟ್ಟಿನ ಮೇಲ್ತುದಿಯಲ್ಲಿ ಕತ್ತರಿಸಿ, ಮುಖ ದೊಡ್ಡದು ಮಾಡಿ ಅನ್ನುವುದು ನನ್ನ ಸಲಹೆ.

ಚೌಕಿಮನೆ | ಕುಂಬಳೆ

ಕಿರೀಟ ಕತ್ತರಿಸಿದ ಬಣ್ಣದ ವೇಷವಾ? ಅದು ಚೌಕಿಯಲ್ಲಿ ಅರ್ಧ ತಯಾರಾಗಿ ಚಹಾ ಕುಡಿಯುತ್ತಾ ಕೂತ ವೇಷ. ರಂಗಸ್ಥಳಕ್ಕೆ ಬಂದದ್ದಲ್ಲ. ಒಪ್ಪುವುದಿಲ್ಲ.

ಹಾಳೆಟೊಪ್ಪಿ | ಬದಿಯಡ್ಕ

ಇಬ್ಬರೂ ಹೇಳುವುದು ಸರಿಯೇ. ಹೀಗೆ ಮಾಡಿದರೆ ಹೇಗೆ? ಬಾಸ್ ಮಾತಾಡುವಾಗ ಮುಖದ ಚೌಕವನ್ನೇ ಬಳಸುವುದಿಲ್ಲ. ಎಂವಿಯಲ್ಲಿ ‘ಶೋ ಪಿಕ್ಚರ್’ ಅಂತ ಉಂಟಲ್ವಾ, ಅದರಲ್ಲಿ ದೊಡ್ಡ ಚಿತ್ರ ಹಾಕುತ್ತೇನೆ. 96×96ರಲ್ಲಿ ಬಿಡಿಸಿ ಮೂರು ಪಟ್ಟು ಮಾಡಿದರೆ 288. ಎಂವಿಯ ಪರದೆ 816×624, ಆರಾಮವಾಗಿ ಹಿಡಿಯುತ್ತದೆ. ಚುಕ್ಕಿಯ ಅಳತೆಯೂ ಮೂರೇ ಇರುತ್ತದೆ.

ಹದಿನಾರುಬಣ್ಣ | ಉಪ್ಪಳ

ಇದು ನನಗೆ ಹೊಳೆದಿರಲಿಲ್ಲ. ಉಳಿದವರೆಲ್ಲ ಪೆಟ್ಟಿಗೆಯೊಳಗೆ, ಇವನೊಬ್ಬ ಹೊರಗೆ. ಬಾಸ್‌ಗೆ ತಕ್ಕ ಮರ್ಯಾದೆ.

ಗಡಿನಾಡ ಗೇಮರ್ | ಮಂಜೇಶ್ವರ

ಹಾಗಾದರೆ ಗುಟ್ಟಿನ ಬಾಸ್ ಆಗಿ ಗುಳಿಗ ದೈವವನ್ನೂ ಹಾಕಿ ಅಣ್ಣ. ಬಣ್ಣ, ಬೆಂಕಿ ಎಲ್ಲ ಸೇರಿ ಮಸ್ತ್ ಬರುತ್ತದೆ.

ಡ್ರಾಯಿಂಗ್ ಮಾಷ್ಟ್ರು | ನೀರ್ಚಾಲು

ಬೇಡ ತಮ್ಮ. ಯಕ್ಷಗಾನದ ರಾಕ್ಷಸ ಒಂದು ಪಾತ್ರ. ಬೆಳಗಾದರೆ ಬಣ್ಣ ತೆಗೆದು ಮನೆಗೆ ಹೋಗುತ್ತಾನೆ, ಅವನನ್ನು ಗೇಮ್‌ನಲ್ಲಿ ಸೋಲಿಸಿದರೆ ಯಾರಿಗೂ ಬೇಸರ ಇಲ್ಲ. ದೈವ ಹಾಗಲ್ಲ. ಜನ ನಂಬಿಕೊಂಡು ಬಂದದ್ದು. ಕತ್ತಿ ಹಿಡಿದು ಹೊಡೆದು, ಮೇಲೆ ಅಂಕಿ ಹಾರಿಸುವುದು ನೋಡಲು ನನಗಂತೂ ಆಗದು.

ಗಡಿನಾಡ ಗೇಮರ್ | ಮಂಜೇಶ್ವರ

ಹೊಡೆಯುವುದು ಬೇಡ ಅಂದರೆ ಒಪ್ಪುತ್ತೇನೆ. ಆದರೆ ಗೇಮ್‌ನಲ್ಲಿ ಇರಲೇಬಾರದು ಅಂದರೆ ಹೇಗೆ ಮಾಷ್ಟ್ರೆ? ನಮ್ಮೂರಿನ ಕಥೆ ಅಂದಮೇಲೆ ದೈವದ ಕೋಲ ಇಲ್ಲದ ಊರು ಯಾವುದುಂಟು?

ಹಾಳೆಟೊಪ್ಪಿ | ಬದಿಯಡ್ಕ

ಕಥೆಯಲ್ಲಿ ಕೋಲ ಬರುತ್ತದೆ. ಆದರೆ ದೈವದ ಮುಖ ಬಿಡಿಸುವುದಿಲ್ಲ. ಆ ದೃಶ್ಯದಲ್ಲಿ ನೋಡುತ್ತಾ ನಿಂತ ಊರಿನವರ ಮುಖಗಳೇ ಬರುತ್ತವೆ, ಒಂದು ಕಡೆಯಿಂದ ಕಿತ್ತಳೆ ಬೆಳಕು ಬಿದ್ದ ಹಾಗೆ. ಇಂಡೆಕ್ಸ್ಡ್ ಮೋಡ್ ಇರುವುದರಿಂದ ಪ್ಯಾಲೆಟ್ ಬದಲಿಸಿದರೆ ಮುಗಿಯಿತು. ಇದು ನನ್ನ ತೀರ್ಮಾನ, ಬೇರೆಯವರು ಬೇರೆ ತರ ಮಾಡಬಹುದು.

ಹದಿನಾರುಬಣ್ಣ | ಉಪ್ಪಳ

ಪ್ಯಾಲೆಟ್ ಬದಲಿಸುವಾಗ ಒಂದು ನೋಡಿಕೊಳ್ಳಿ. ಎಲ್ಲ ಬಣ್ಣಕ್ಕೂ ಕಿತ್ತಳೆ ಸೇರಿಸಬೇಡಿ. ತಿಳಿ ಬಣ್ಣಗಳು ಮಾತ್ರ ಕಿತ್ತಳೆಗೆ ಹೋಗಲಿ, ಗಾಢ ಬಣ್ಣಗಳು ನೀಲಿಗೆ ಹೋಗಲಿ. ಆಗಲೇ ರಾತ್ರಿ ಅನಿಸುವುದು.

ಇನ್ನು ಭಾವಗಳು. ಎಂವಿಯ ಮುಖದ ಹಾಳೆ 576×288. ಅಡ್ಡಕ್ಕೆ ನಾಲ್ಕು, ಎರಡು ಸಾಲು, ಒಟ್ಟು ಎಂಟು ಮುಖ. ಎಂಟನ್ನೂ ಹೊಸದಾಗಿ ಬಿಡಿಸುವುದು ಬೇಡ. ತಲೆ ಒಂದೇ. ಹುಬ್ಬು, ಕಣ್ಣು, ಬಾಯಿ ಮೂರು ಬೇರೆ ಲೇಯರ್. ಹುಬ್ಬಿನ ಒಳತುದಿ ಒಂದು ಚುಕ್ಕಿ ಕೆಳಗೆ ಇಳಿದರೆ ಸಿಟ್ಟು, ಒಂದು ಚುಕ್ಕಿ ಮೇಲೆ ಹೋದರೆ ಚಿಂತೆ. ಬಾಯಿಯ ಎರಡು ತುದಿ ಒಂದು ಚುಕ್ಕಿ ಎತ್ತಿದರೆ ನಗು, ಆದರೆ ಕೆಳರೆಪ್ಪೆಯೂ ಒಂದು ಚುಕ್ಕಿ ಮೇಲೆ ಬರಬೇಕು. ಇಲ್ಲದಿದ್ದರೆ ಸಾಲ ಕೇಳಲು ಬಂದವನ ನಗು.

ತೋಟದಮನೆ | ಪೆರ್ಲ

ನಡುವೆ ಬೇರೆ ಪ್ರಶ್ನೆ. ಎಂವಿಯಲ್ಲಿ ಕನ್ನಡ ಮಾತು ಹಾಕಿದರೆ ಒತ್ತಕ್ಷರ ಒಡೆಯುತ್ತದೆ. ‘ಅಕ್ಕ’ ಅಂತ ಬರೆದರೆ ‘ಅಕ್‌ಕ’ ತರ ಚೂರಾಗುತ್ತದೆ. ಫಾಂಟ್ ಬದಲಿಸಿದರೂ ಹಾಗೇ. ನಿಮಗೆಲ್ಲ ಹೇಗೆ?

ಹದಿನಾರುಬಣ್ಣ | ಉಪ್ಪಳ

ಫಾಂಟಿನ ತಪ್ಪಲ್ಲ. ಎಂವಿ ಮಾತಿನ ಪೆಟ್ಟಿಗೆಯಲ್ಲಿ ಅಕ್ಷರಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಕನ್ನಡದಲ್ಲಿ ‘ಕ್ಕ’ ಅಂದರೆ ಒಳಗೆ ಮೂರು ಸಂಕೇತ, ಮೂರನ್ನೂ ಒಟ್ಟಿಗೆ ಕೊಟ್ಟರೆ ಮಾತ್ರ ಒಂದಾಗುತ್ತದೆ. ಇಡೀ ಸಾಲನ್ನು ಒಮ್ಮೆಗೇ ಬಿಡಿಸುವ ಹಾಗೆ ಕೋಡ್ ತಿದ್ದಬೇಕು. ಗೊಡಾಟ್ 4 ಅನ್ನುವ ಇನ್ನೊಂದು ಗೇಮ್ ಎಂಜಿನ್‌ನಲ್ಲಿ ಈ ತೊಂದರೆ ಇಲ್ಲ. ಇದಕ್ಕೆ ಬೇರೆ ಎಳೆ ತೆರೆಯಿರಿ, ಅಲ್ಲಿ ವಿವರವಾಗಿ ಬರೆಯುತ್ತೇನೆ. ಇಲ್ಲಿ ಮುಖ ಮುಗಿಯಲಿ.

ಹಾಳೆಟೊಪ್ಪಿ | ಬದಿಯಡ್ಕ

[ಚಿತ್ರ: ಅಜ್ಜ, ಎಂಟು ಭಾವ]
[ಚಿತ್ರ: ಬೀಡಿ ಅಕ್ಕ, ತಗ್ಗಿದ ಕಣ್ಣು, ನೈಟಿ, ಬೈರಾಸು]
[ಚಿತ್ರ: ಬಣ್ಣದ ವೇಷ, 96×96, ಕಿರೀಟ ಸಮೇತ]

ಅಕ್ಕನ ಎಂಟು ಮುಖಗಳಲ್ಲಿ ಒಂದರಲ್ಲಿ ಮಾತ್ರ ಕಣ್ಣು ಮೇಲೆ. ಎರಡು ಜನ ಎದುರೆದುರು ಮಾತಾಡುವಾಗ ಒಬ್ಬರು ಬಲಗಡೆ ಬರಬೇಕು. ಅದಕ್ಕೆ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದರೆ ಸಾಕಲ್ವಾ?

ಚೌಕಿಮನೆ | ಕುಂಬಳೆ

ವೇಷ ಈಗ ರಂಗಸ್ಥಳಕ್ಕೆ ಬಂತು. ಕಣ್ಣಿನ ಸುತ್ತದ ಕಪ್ಪು ಇನ್ನೂ ಒಂದು ಚುಕ್ಕಿ ಅಗಲ ಆಗಲಿ. ಅಷ್ಟು ಬಿಟ್ಟರೆ ಮಾತಿಲ್ಲ.

ಡ್ರಾಯಿಂಗ್ ಮಾಷ್ಟ್ರು | ನೀರ್ಚಾಲು

ತಿರುಗಿಸಬೇಡಿ. ಬೆಳಕು ಎಡದಿಂದ ಬಂದದ್ದು ಬಲಕ್ಕೆ ಹೋಗುತ್ತದೆ. ಒಂದೇ ಜಗಲಿಯಲ್ಲಿ ಕೂತ ಇಬ್ಬರಿಗೆ ಎರಡು ಸೂರ್ಯ. ಕಂಡಕ್ಟರ್‌ನ ಪೆನ್ನು ಕಿವಿ ಬದಲಿಸುತ್ತದೆ. ಸೀರೆ ಉಟ್ಟವರಾದರೆ ಸೆರಗು ಬಲ ಹೆಗಲಿಗೆ ಹೋಗುತ್ತದೆ, ಹೆಂಗಸರು ನೋಡಿದ ಕೂಡಲೇ ಹಿಡಿಯುತ್ತಾರೆ.

ಸುರುಳಿಬೀಡಿ | ಮುಳ್ಳೇರಿಯ

ಅದಕ್ಕೇ ನಾನು ನೈಟಿ ಹೇಳಿದ್ದು. ಬೈರಾಸಿಗೆ ಎಡ ಬಲ ಇಲ್ಲ.

ಹದಿನಾರುಬಣ್ಣ | ಉಪ್ಪಳ

ಬೈರಾಸು ಪಾಸ್, ಆದರೆ ಬೆಳಕು ಫೇಲ್. ತಿರುಗಿಸಿದ ಮೇಲೆ ಮೂಗಿನ ನೆರಳು, ಕೆನ್ನೆಯ ಬೆಳಕು ಎರಡನ್ನು ಕೈಯಲ್ಲಿ ಸರಿಮಾಡಿ. ಹೆಚ್ಚೆಂದರೆ ಮೂವತ್ತು ನಲವತ್ತು ಚುಕ್ಕಿ. ಇಬ್ಬರು ಎದುರೆದುರು ಬರುವ ದೃಶ್ಯ ಎಷ್ಟಿದೆ ಮೊದಲು ಎಣಿಸಿ. ಅಕ್ಕ ಮತ್ತು ಕಂಡಕ್ಟರ್ ಜಗಳದ್ದು ಒಂದೇ ಆದರೆ, ಕಂಡಕ್ಟರ್‌ನನ್ನು ಮಾತ್ರ ತಿರುಗಿಸಿ. ಪೆನ್ನು ಹಳೆಯ ಕಿವಿಗೇ ವಾಪಸ್ ಇಡಲು ಮರೆಯಬೇಡಿ.

ಹಾಳೆಟೊಪ್ಪಿ | ಬದಿಯಡ್ಕ

ಒಂದೇ ದೃಶ್ಯ. ಚಿಲ್ಲರೆಯ ಜಗಳ. ಅವನನ್ನೇ ತಿರುಗಿಸುತ್ತೇನೆ. ಡಿಬಿ32ಕ್ಕೆ ನಾನು ಸೇರಿಸಿದ ಬಣ್ಣಗಳ ಪ್ಯಾಲೆಟ್ ಫೈಲ್ ಇಲ್ಲೇ ಹಾಕುತ್ತೇನೆ, ಯಾರಿಗೆ ಬೇಕಾದರೂ ತೆಗೆದುಕೊಳ್ಳಿ. ತೋಟದಮನೆಯವರೆ, ಒತ್ತಕ್ಷರದ ಎಳೆ ತೆರೆದರೆ ನನಗೂ ಒಂದು ಕೂಗು ಹಾಕಿ, ನನಗೂ ಅದೇ ತಲೆನೋವು.